ಬಾಬೂನಾ ಚಹಾ: ಗುಣ ಹೇಳುವವರು ಅಳತೆಯನ್ನೂ ಹೇಳಲಿ

ಮಾನ್ಯ ಸಂಪಾದಕರೆ,

ಕ್ಯಾಮೊಮೈಲ್, ಅಂದರೆ ನಮ್ಮ ಕಡೆಯ ಬಾಬೂನಾ ಹೂವಿನ ಚಹಾ ಕುಡಿದರೆ ನಿದ್ದೆ ಬರುತ್ತದೆ, ಹೊಟ್ಟೆ ಹಗುರಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ ಎಂಬ ಬರಹಗಳು ಪತ್ರಿಕೆಗಳ ಆರೋಗ್ಯ ಪುಟದಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಈಗ ಮೇಲಿಂದ ಮೇಲೆ ಬರುತ್ತಿವೆ. ಕಲಬುರಗಿ, ಬೀದರ್‌ನ ಗಿಡಮೂಲಿಕೆ ಅಂಗಡಿಗಳಲ್ಲಿ ಅದರ ಪರಿಣಾಮ ಎದ್ದು ಕಾಣುತ್ತದೆ. ಜನ ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಇದು ಕೊಡ್ರಿ’ ಎನ್ನುತ್ತಾರೆ, ಒಯ್ಯುತ್ತಾರೆ, ವಾರ ಬಿಟ್ಟು ಬಂದು ‘ಏನೂ ಫರಕ್ ಆಗಿಲ್ರಿ’ ಎನ್ನುತ್ತಾರೆ. ಆ ಬರಹಗಳಲ್ಲಿ ಗುಣಗಳ ಉದ್ದನೆಯ ಪಟ್ಟಿ ಇರುತ್ತದೆ. ಎಷ್ಟು ಹೂವಿಗೆ ಎಷ್ಟು ನೀರು, ಎಷ್ಟು ಹೊತ್ತು ಇಡಬೇಕು, ಯಾರು ಇದರ ತಂಟೆಗೇ ಹೋಗಬಾರದು ಎಂಬುದು ಮಾತ್ರ ಇರುವುದಿಲ್ಲ. ಕಲ್ಯಾಣ ಕರ್ನಾಟಕದ ಓದುಗರಿಗೆ ಈ ಕೊನೆಯ ಮಾತು ಬಹಳ ಮುಖ್ಯ. ಕಾರಣ ಮುಂದೆ ಹೇಳುತ್ತೇವೆ.

ಮೊದಲಿಗೆ, ಇದು ನಮ್ಮ ಭಾಗಕ್ಕೆ ಹೊಸ ವಸ್ತುವೇನಲ್ಲ. ಹಕೀಮರು ಚೀಟಿಯಲ್ಲಿ ಬರೆದುಕೊಡುವ ‘ಗುಲ್-ಎ-ಬಾಬೂನಾ’ ಇದೇ ಹೂವು. ಬಹಮನಿಗಳಿಂದ ನಿಜಾಮರವರೆಗೆ ಯುನಾನಿ ವೈದ್ಯ ಬೇರೂರಿದ ನಾಡು ಇದು. ಇಲ್ಲಿ ಬಾಬೂನಾ ಕಷಾಯಕ್ಕಿಂತ ಹೆಚ್ಚಾಗಿ ಎಣ್ಣೆಯಾಗಿ, ಹಬೆಯಾಗಿ, ಶಾಖದ ಪಟ್ಟಿಯಾಗಿ ಬಳಕೆಯಲ್ಲಿದೆ. ಯುನಾನಿ ಲೆಕ್ಕದಲ್ಲಿ ಇದರ ಸ್ವಭಾವ ಉಷ್ಣ ಮತ್ತು ರೂಕ್ಷ. ಬಾವು ಇಳಿಸುವುದು, ವಾಯು ಒಡೆಯುವುದು, ನರಗಳಿಗೆ ಬಲ ಕೊಡುವುದು ಇದರ ಕೆಲಸವೆಂದು ಹೇಳುತ್ತಾರೆ. ಹೊಳೆಯುವ ಡಬ್ಬಿಯಲ್ಲಿ ಬರುವ ಕ್ಯಾಮೊಮೈಲ್‌ಗೂ ಗಿಡಮೂಲಿಕೆ ಮಾರುವ ಅತ್ತಾರರ ಅಂಗಡಿಯ ಗೋಣಿಚೀಲದ ಬಾಬೂನಾಕ್ಕೂ ಗಿಡದಲ್ಲಿ ವ್ಯತ್ಯಾಸವಿಲ್ಲ. ದರದಲ್ಲಿ ಮತ್ತು ಹೂವಿನ ವಯಸ್ಸಿನಲ್ಲಿ ಮಾತ್ರ ವ್ಯತ್ಯಾಸ. ಚೀಲದ ಮಾಲು ಅಗ್ಗವೇನೋ ಹೌದು, ಆದರೆ ಎಷ್ಟು ವರ್ಷದಿಂದ ಅಲ್ಲಿ ಕೂತಿದೆ ಎಂಬುದು ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ.

ಹೂವನ್ನು ಗುರುತಿಸುವುದರಿಂದಲೇ ಶುರು ಮಾಡಬೇಕು. ಕ್ಯಾಮೊಮೈಲ್ ಹೆಸರಿನಲ್ಲಿ ಎರಡು ಗಿಡಗಳಿವೆ. ಜರ್ಮನ್ ಎನ್ನುವುದು ಮ್ಯಾಟ್ರಿಕೇರಿಯಾ ಕ್ಯಾಮೊಮಿಲ್ಲಾ, ರೋಮನ್ ಎನ್ನುವುದು ಕ್ಯಾಮಿಮೀಲಮ್ ನೋಬಿಲೆ. ಚಹಾಕ್ಕೆ ಬರುವುದು ಬಹುಮಟ್ಟಿಗೆ ಮೊದಲನೆಯದು. ಒಣ ಹೂವೊಂದನ್ನು ಬ್ಲೇಡಿನಿಂದ ನೆತ್ತಿಯಿಂದ ತೊಟ್ಟಿನವರೆಗೆ ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿಯಿರಿ. ಹಳದಿ ಗುಮ್ಮಟದ ಒಳಗೆ ಟೊಳ್ಳು ಇದ್ದರೆ ಅದು ಜರ್ಮನ್ ಬಾಬೂನಾ. ಒಳಗೆ ಗಟ್ಟಿಯಾಗಿ ತುಂಬಿಕೊಂಡಿದ್ದು, ಹಳದಿ ಹೂಗಳ ನಡುವೆ ಹೊಟ್ಟಿನಂಥ ಸಣ್ಣ ಪೊರೆಗಳು ಕಂಡರೆ ಅದು ರೋಮನ್ ಇರಬಹುದು, ಇಲ್ಲವೇ ನಾರುವ ಜಾತಿಯ ಆಂಥೆಮಿಸ್ ಕೋಟುಲಾ ಇರಬಹುದು. ಈ ಆಂಥೆಮಿಸ್ ಹೊಲದ ಕಳೆ. ಕೊಯ್ಲಿನಲ್ಲಿ ಬಾಬೂನಾದ ಜೊತೆ ಸೇರಿಕೊಂಡು ಬಿಡುತ್ತದೆ. ಚರ್ಮಕ್ಕೆ ಅಲರ್ಜಿ ತರುವ ಅಂಶ ಇದರಲ್ಲಿ ಹೆಚ್ಚು. ಕೈಯಲ್ಲಿ ತಿಕ್ಕಿದಾಗ ಸೇಬಿನಂಥ ಸಿಹಿ ವಾಸನೆ ಬಂದರೆ ಬಾಬೂನಾ, ಗಬ್ಬು ವಾಸನೆ ಬಂದರೆ ಅಲ್ಲಿಯೇ ಬಿಟ್ಟು ಬನ್ನಿ.

ಇನ್ನೊಂದು ಗೊಂದಲ ನಮ್ಮ ಹೊಲದ ಬದುಗಳಲ್ಲೇ ಇದೆ. ಗಬ್ಬು ಸಾವಂತಿ ಎಂದು ಕರೆಯುವ ಟ್ರೈಡಾಕ್ಸ್ ಗಿಡದ ಹೂವಿಗೂ ನಡುವೆ ಹಳದಿ, ಸುತ್ತ ಬಿಳಿ. ದೂರದಿಂದ ನೋಡಿದರೆ ಚಿತ್ರದಲ್ಲಿದ್ದ ಹೂವೇ ಇದು ಅನ್ನಿಸುತ್ತದೆ. ಹತ್ತಿರ ಹೋಗಿ ಎಸಳು ಎಣಿಸಿ. ಟ್ರೈಡಾಕ್ಸ್‌ಗೆ ನಾಲ್ಕರಿಂದ ಆರು ಮೊಂಡು ಎಸಳು, ಪ್ರತಿಯೊಂದರ ತುದಿಯಲ್ಲೂ ಮೂರು ಹಲ್ಲು, ಉದ್ದನೆಯ ರೋಮದ ದೇಟು. ಬಾಬೂನಾಕ್ಕೆ ಹದಿನೈದರ ಆಸುಪಾಸು ಎಸಳು. ಹೂವು ಬಲಿತಂತೆ ಅವು ಕೆಳಕ್ಕೆ ಜೋತುಬಿದ್ದು ಹಳದಿ ಗುಮ್ಮಟ ಮೇಲೆದ್ದು ನಿಲ್ಲುತ್ತದೆ. ಎಲೆಗಳೂ ಸಬ್ಬಸಿಗೆಯ ಹಾಗೆ ನೂಲುನೂಲಾಗಿ ಒಡೆದಿರುತ್ತವೆ. ಇದು ಯುರೋಪು ಮತ್ತು ಪಶ್ಚಿಮ ಏಷ್ಯಾ ಮೂಲದ ಗಿಡ, ನಮ್ಮ ರಸ್ತೆ ಬದಿಯಲ್ಲಿ ತಾನಾಗಿ ಬೆಳೆಯುವುದಿಲ್ಲ. ಬಯಲಿನಲ್ಲಿ ಕಂಡದ್ದನ್ನು ಕಿತ್ತು ಕುದಿಸಬೇಡಿ. ದೊಡ್ಡ ಊರಿನ ಅಂಗಡಿಗಳಲ್ಲಿ ಚೀನಾ ಸೇವಂತಿಗೆಯ ಒಣ ಹೂವನ್ನೂ ಇದೇ ಹೆಸರಿನಲ್ಲಿ ಕೊಡುವುದುಂಟು. ಅದರ ಹೂವು ದೊಡ್ಡದು, ಎಸಳು ಒತ್ತೊತ್ತಾಗಿರುತ್ತವೆ. ಚಹಾ ಮಾಡಲು ಅದೂ ಬರುತ್ತದೆ, ಆದರೆ ಅದು ಬಾಬೂನಾ ಅಲ್ಲ.

ಒಳ್ಳೆಯ ಮಾಲಿನಲ್ಲಿ ಹೂವು ಇಡಿಯಾಗಿರುತ್ತದೆ, ಎಸಳು ಕೆನೆಬಿಳಿ, ನಡುವೆ ಹಳದಿ ಇನ್ನೂ ಹಳದಿಯಾಗಿಯೇ ಇರುತ್ತದೆ. ದೇಟು ಹೆಚ್ಚಿದ್ದರೆ ಯಂತ್ರದಲ್ಲಿ ಎಳೆದ ಮಾಲು. ತೂಕ ಬರುತ್ತದೆ, ಗುಣ ಬರುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು ಇಲ್ಲವೆ ಒದ್ದೆಯಲ್ಲಿ ಕೂತದ್ದು. ಡಬ್ಬಿಯ ತಳದಲ್ಲಿ ಬರೀ ಹಳದಿ ಪುಡಿ ಉಳಿದಿದ್ದರೆ ಹೂವು ಅತಿಯಾಗಿ ಒಣಗಿ ಒಡೆದಿದೆ, ವಾಸನೆಯೂ ಹೋಗಿರುತ್ತದೆ. ಮನೆಗೆ ತಂದ ಮೇಲೆ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲ ಕಪಾಟಿನಲ್ಲಿಡಿ, ಒಲೆಯ ಮೇಲಿನ ಫಳಿಯಲ್ಲಿ ಬೇಡ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅಡುಗೆಮನೆಯ ಫಳಿಯ ಮೇಲಿಟ್ಟ ಹೂವಿನ ಎಣ್ಣೆ ಆರಿಹೋಗಲು ಬಹಳ ದಿನ ಬೇಕಿಲ್ಲ. ವರ್ಷ ದಾಟಿದ್ದನ್ನು ಕುಡಿಯಲು ಬಳಸದಿರುವುದೇ ಲೇಸು.

ಈಗ ಚಹಾ. ಇಲ್ಲೇ ಹೆಚ್ಚಿನವರು ತಪ್ಪುತ್ತಾರೆ, ಯಾಕೆಂದರೆ ನಮ್ಮ ಕೈಗೆ ಒಗ್ಗಿದ್ದು ಕುದಿಸಿದ ಚಹಾ. ಪಾತ್ರೆಯಲ್ಲಿ ನೀರು, ಪುಡಿ, ಸಕ್ಕರೆ, ಹಾಲು, ಮೇಲೆ ಶುಂಠಿ, ಉಕ್ಕಿ ಬರುವ ತನಕ ಕುದಿ. ಬಾಬೂನಾವನ್ನೂ ಹಾಗೆಯೇ ಕುದಿಸಿದರೆ ಅದರಲ್ಲಿದ್ದ ಸುಗಂಧದ ಎಣ್ಣೆ ಹಬೆಯ ಜೊತೆ ಚಾವಣಿಗೆ ಹೋಗುತ್ತದೆ, ಕಹಿ ಮಾತ್ರ ಪಾತ್ರೆಯಲ್ಲಿ ಉಳಿಯುತ್ತದೆ. ಅಡುಗೆಮನೆಯೆಲ್ಲ ಘಮಘಮ ಅಂದರೆ ಬಟ್ಟಲಿನಲ್ಲಿ ಕಡಿಮೆಯಾಯಿತು ಅಂತಲೇ ಲೆಕ್ಕ.

ಕ್ರಮ ಹೀಗಿದೆ. ಒಬ್ಬರಿಗೆ 150 ಮಿಲಿ ನೀರು, ಅಂದರೆ ಮನೆಯ ಸಾಧಾರಣ ಕಪ್ಪು ಒಂದು. ಹೂವು 3 ಗ್ರಾಂ. ತಕ್ಕಡಿ ಇಲ್ಲದಿದ್ದರೆ ಊಟದ ದೊಡ್ಡ ಚಮಚದಲ್ಲಿ ಗೋಪುರದ ಹಾಗೆ ತುಂಬಿದ ಒಂದು ಚಮಚ ಇಡಿ ಹೂವು ಸುಮಾರು ಅಷ್ಟಾಗುತ್ತದೆ. ಸಕ್ಕರೆ ಹಾಕುವ ಸಣ್ಣ ಚಮಚ ಸಾಲದು. ಹೂವು ಬಹಳ ಹಗುರ, ಅದರಲ್ಲಿ ಒಂದು ಗ್ರಾಂ ಕೂಡ ಬರುವುದು ಕಷ್ಟ. ನೀರನ್ನು ಚೆನ್ನಾಗಿ ಕುದಿಸಿ, ಒಲೆ ಆರಿಸಿ, ಹೂವಿನ ಮೇಲೆ ಸುರಿದು ಕೂಡಲೇ ತಟ್ಟೆ ಮುಚ್ಚಬೇಕು. ಐದರಿಂದ ಹತ್ತು ನಿಮಿಷ ಬಿಡಿ. ತೆಗೆಯುವಾಗ ತಟ್ಟೆಯ ಒಳಮೈಗೆ ಹತ್ತಿದ ಹನಿಗಳನ್ನು ಕಪ್ಪಿಗೇ ತಟ್ಟಿ ಬಿಡಿ, ವಾಸನೆಯ ಎಣ್ಣೆ ಆ ಹನಿಗಳಲ್ಲೂ ಇರುತ್ತದೆ. ನಂತರ ಸೋಸಿ. ಹೂವನ್ನು ಚಮಚದಿಂದ ಒತ್ತಿ ಹಿಂಡಬೇಡಿ, ಕಹಿ ಇಳಿಯುತ್ತದೆ. ಬಣ್ಣ ತಿಳಿ ಬಂಗಾರದ ಹಾಗಿರಬೇಕು.

ಸಿದ್ಧ ಪುಡಿಕೆಗಳಲ್ಲಿ (ಟೀ ಬ್ಯಾಗ್) ಸಾಮಾನ್ಯವಾಗಿ 1ರಿಂದ 2 ಗ್ರಾಂ ಮಾತ್ರ ಇರುತ್ತದೆ, ಅದೂ ಪುಡಿಯಾದ ಹೂವು. ಅದನ್ನು ದೊಡ್ಡ ಮಗ್ಗಿನ 300 ಮಿಲಿ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದವರು ‘ಫರಕ್ ಆಗಿಲ್ಲ’ ಎಂದರೆ ಅದರಲ್ಲಿ ಹೂವಿನ ತಪ್ಪಿಲ್ಲ. ಎರಡು ಪುಡಿಕೆ, ಒಂದೇ ಕಪ್ಪು ನೀರು, ಮುಚ್ಚಳ: ಇಷ್ಟು ಮಾಡಿ ಆಮೇಲೆ ತೀರ್ಮಾನಿಸಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಚಹಾದ ಮೇಲೆ ತೆಳ್ಳನೆಯ ಪೊರೆ ಕಟ್ಟಿ ರುಚಿ ಮಂಕಾಗಬಹುದು. ಕುಡಿಯಲು ಇಟ್ಟ ಸೋಸಿದ ನೀರನ್ನೇ ಬಳಸಿ. ಹಾಲು ಹಾಕಿದರೆ ವಿಷವೇನೂ ಆಗುವುದಿಲ್ಲ, ಆದರೆ ರುಚಿ ಕೆಡುತ್ತದೆ. ಜೇನು ಅಥವಾ ಚೂರು ಬೆಲ್ಲ ನಡೆಯುತ್ತದೆ, ಸಕ್ಕರೆ ಕಾಯಿಲೆಯವರಿಗೆ ಎರಡೂ ಬೇಡ. ಹೊಟ್ಟೆಯ ಸಲುವಾಗಿ ಕುಡಿಯುವವರು ಬಡೇಸೋಪನ್ನು ಅರ್ಧ ಚಮಚ ಜಜ್ಜಿ ಜೊತೆಗೆ ಹಾಕಿದರೆ ಹೊಂದುತ್ತದೆ. ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಕಪ್ಪು. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಎಂದು ಹಿಡಿಗಟ್ಟಲೆ ಹೂವು ಸುರಿದು ಗಟ್ಟಿ ಕಷಾಯ ಮಾಡಿ ಕುಡಿದರೆ ವಾಂತಿಯಾಗಬಹುದು.

ಯಾವುದಕ್ಕೆ ಕೆಲಸ ಮಾಡುತ್ತದೆ? ಹೊಟ್ಟೆಯ ವಿಷಯದಲ್ಲಿ ನಾವು ಧೈರ್ಯವಾಗಿ ಹೇಳಬಲ್ಲೆವು. ಊಟದ ನಂತರದ ಉಬ್ಬರ, ವಾಯು, ಕರುಳು ಹಿಡಿದಂತಾಗುವ ಸಣ್ಣ ನೋವು, ಇವಕ್ಕೆ ಯುನಾನಿಯವರೂ ಯುರೋಪಿನ ಹಳ್ಳಿಗರೂ ಇದನ್ನೇ ಕೊಟ್ಟಿದ್ದಾರೆ. ಹೂವಿನಲ್ಲಿರುವ ಬಿಸಾಬೊಲಾಲ್ ಮತ್ತು ಎಪಿಜೆನಿನ್‌ನಂಥ ಅಂಶಗಳು ಕರುಳಿನ ನಯಸ್ನಾಯುಗಳ ಬಿಗಿತ ಸಡಿಲಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಇದನ್ನು ‘ಸಾಂಪ್ರದಾಯಿಕ ಬಳಕೆ’ ಎಂಬ ವಿಭಾಗದಲ್ಲಿ ಒಪ್ಪಿಕೊಂಡಿದೆ. ಅಂದರೆ, ದೀರ್ಘಕಾಲದ ಬಳಕೆಯ ಆಧಾರದ ಮೇಲೆ ಕೊಟ್ಟ ಒಪ್ಪಿಗೆ ಅದು. ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ ಎಂದು ಅರ್ಥವಲ್ಲ. ಬರಹಗಾರರು ಈ ಗೆರೆಯನ್ನು ಅಳಿಸಿ ‘ಯುರೋಪಿನಲ್ಲಿ ಸಾಬೀತು’ ಎಂದು ಬರೆಯುತ್ತಾರೆ. ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವಂಥ ನೋವು ಇದ್ದವರಿಗೆ ಇದು ಮದ್ದಲ್ಲ, ಅವರು ಆಸ್ಪತ್ರೆಗೇ ಹೋಗಬೇಕು.

ನಿದ್ದೆಯ ವಿಷಯ ಬೇರೆ. ಎಪಿಜೆನಿನ್ ಮಿದುಳಿನಲ್ಲಿ ನಿದ್ದೆಮಾತ್ರೆಗಳು ಅಂಟುವ ಜಾಗಕ್ಕೇ ಅಂಟುತ್ತದೆ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಅದು ಪ್ರಯೋಗಾಲಯದ ಮಾತು; ಒಂದು ಕಪ್ಪು ಚಹಾದಲ್ಲಿ ಬರುವ ಪ್ರಮಾಣ ಬಹಳ ಸಣ್ಣದು. ಅಮೆರಿಕದಲ್ಲಿ ನಿದ್ರಾಹೀನತೆ ಇದ್ದ 34 ಜನರಲ್ಲಿ ಅರ್ಧ ಜನರಿಗೆ ದಿನಕ್ಕೆರಡು ಸಲ ಕ್ಯಾಮೊಮೈಲ್ ಸಾರದ ಮಾತ್ರೆ ಕೊಟ್ಟು ನೋಡಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿದ್ದೆಯ ಅವಧಿಯಲ್ಲಾಗಲಿ ಗುಣಮಟ್ಟದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆತಂಕದ ಕಾಯಿಲೆಗೆ ಪೆನ್ಸಿಲ್ವೇನಿಯಾದಲ್ಲಿ ನಡೆದ ಪ್ರಯೋಗಗಳಲ್ಲಿ ಒಂದಿಷ್ಟು ಗುಣ ಕಂಡದ್ದು ನಿಜ, ಆದರೆ ಅಲ್ಲಿಯೂ ಕೊಟ್ಟದ್ದು ಅಳತೆ ಮಾಡಿದ ಸಾರದ ಕ್ಯಾಪ್ಸೂಲ್, ಚಹಾ ಅಲ್ಲ. ಹಾಗಾದರೆ ರಾತ್ರಿ ಇದನ್ನು ಕುಡಿದು ಒಳ್ಳೆ ನಿದ್ದೆ ಬಂತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಒಂದು ಫುಲ್ ಚಾ ಕುಡಿಯುವ ರೂಢಿ ನಮ್ಮಲ್ಲಿ ಮನೆಮನೆಯಲ್ಲಿದೆ. ಅದನ್ನು ಬಿಟ್ಟು ಕೆಫೀನ್ ಇಲ್ಲದ ಬಾಬೂನಾ ಹಿಡಿದವನಿಗೆ ಅರ್ಧ ಲಾಭ ಆ ಚಾ ಬಿಟ್ಟದ್ದರಿಂದಲೇ ಆಗಿರುತ್ತದೆ. ಉಳಿದರ್ಧ ಬಿಸಿ ಪಾನೀಯ, ಮಂದ ದೀಪ, ಮೊಬೈಲ್ ಕೆಳಗಿಟ್ಟ ಹತ್ತು ನಿಮಿಷ. ಇದನ್ನು ಮಲಗುವ ಒಂದು ತಾಸು ಮುಂಚೆ, ಒಂದೇ ಕಪ್ಪು ಕುಡಿಯಬೇಕು. ಮಲಗುವ ಹೊತ್ತಿಗೆ ದೊಡ್ಡ ಮಗ್ ಕುಡಿದರೆ ನಡುರಾತ್ರಿ ಮೂತ್ರಕ್ಕೆ ಏಳುವುದೇ ಆಗುತ್ತದೆ, ವಯಸ್ಸಾದವರಿಗಂತೂ ಖಂಡಿತ.

ಇನ್ನು ಯಾರು ಬಿಡಬೇಕು ಎಂಬ ಮಾತು. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ಇಡೀ ದೇಶಕ್ಕೆ ಹಬ್ಬಿದ ಕಳೆ. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಮಳೆಗಾಲ ಬಂತೆಂದರೆ ಖಾಲಿ ಸೈಟು, ಹೊಲದ ಬದು, ರೈಲು ಹಳಿಯ ಪಕ್ಕ ಎಲ್ಲೆಲ್ಲೂ ಅದೇ. ಇದನ್ನು ಕೀಳುವ ರೈತರಿಗೆ, ಕೂಲಿಯವರಿಗೆ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೆಂಪಾಗಿ ದಪ್ಪಗಾಗುವ ತುರಿಕೆ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಬಿಸಿಲಿಗೆ ಅದು ಇನ್ನೂ ಕೆರಳುತ್ತದೆ. ಪಾರ್ಥೇನಿಯಂ ಮತ್ತು ಬಾಬೂನಾ ಒಂದೇ ಕುಟುಂಬದ ಗಿಡಗಳು. ಸೇವಂತಿ, ಚೆಂಡುಹೂ, ಸೂರ್ಯಕಾಂತಿ, ನಮ್ಮ ಕುಸುಬಿ ಕೂಡ ಅದೇ ಕುಟುಂಬ. ಒಂದರ ಅಲರ್ಜಿ ಇದ್ದವರ ಮೈ ಇನ್ನೊಂದಕ್ಕೂ ತಿರುಗಿ ಬೀಳುವ ಸಾಧ್ಯತೆ ಇದೆ. ಪಾರ್ಥೇನಿಯಂಗೆ ಹತ್ತಿರದ ಬಂಧುವಾದ ರ‍್ಯಾಗ್‌ವೀಡ್‌ನ ಅಲರ್ಜಿ ಇದ್ದವರು ಕ್ಯಾಮೊಮೈಲ್ ಚಹಾ ಕುಡಿದು ತುಟಿ ಊದಿ, ಉಸಿರು ಕಟ್ಟಿ ತುರ್ತು ಚಿಕಿತ್ಸೆಗೆ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ ನಿಜ. ಆದರೆ ಹೊರದೇಶದ ಬರಹವನ್ನು ಅನುವಾದಿಸಿ ಹಾಕುವವರು ‘ರ‍್ಯಾಗ್‌ವೀಡ್ ಅಲರ್ಜಿ ಇದ್ದರೆ ಎಚ್ಚರ’ ಎಂದು ಬರೆದರೆ ಚಿಂಚೋಳಿಯ ರೈತನಿಗೆ ಅದರಿಂದ ಏನು ಗೊತ್ತಾಗಬೇಕು? ‘ಕಾಂಗ್ರೆಸ್ ಕಸ ಮುಟ್ಟಿದರೆ ತುರಿಕೆ ಬರುವವರು ಇದನ್ನು ಕುಡಿಯಬೇಡಿ, ಹಚ್ಚಿಕೊಳ್ಳಬೇಡಿ’ ಎಂದು ಬರೆಯಬೇಕು. ದಮ್ಮು ಇರುವವರೂ ಮನೆಯಲ್ಲಿ ಪರೀಕ್ಷೆ ಮಾಡಿ ನೋಡುವ ಸಾಹಸಕ್ಕೆ ಹೋಗದಿರಲಿ. ಇಂಥ ತೊಂದರೆ ಯಾವುದೂ ಇಲ್ಲದವರು ಸಹ ಮೊದಲ ದಿನ ಅರ್ಧ ಕಪ್ಪು ಕುಡಿದು, ಬಾಯಿ ಗಂಟಲಲ್ಲಿ ತುರಿಕೆ ಇಲ್ಲವೆಂದು ನೋಡಿಕೊಂಡು ಮುಂದುವರಿಯಲಿ.

ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ನುಂಗುವವರಿಗೂ ಇದು ಬೇಡ. ಹೃದಯದ ಕವಾಟ ಬದಲಿಸಿಕೊಂಡಿದ್ದ 70 ವರ್ಷದ ಮಹಿಳೆಯೊಬ್ಬರು ಕೆಮ್ಮಿಗೆಂದು ಈ ಚಹಾ ಹೆಚ್ಚಾಗಿ ಕುಡಿದು, ಇದರದ್ದೇ ಲೇಪ ಹಚ್ಚಿಕೊಂಡು, ಒಳಗೊಳಗೇ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದ್ದು ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ 2006ರಲ್ಲಿ ವರದಿಯಾಗಿದೆ. ನಿದ್ದೆಮಾತ್ರೆ, ಮೂತ್ರಪಿಂಡ ಕಸಿಯ ನಂತರದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ನಿಲ್ಲಿಸಿ. ಗರ್ಭಿಣಿಯರು ಔಷಧದ ಪ್ರಮಾಣದಲ್ಲಿ, ದಿನವೂ ಕುಡಿಯುವುದು ಬೇಡ.

ರಕ್ತಹೀನತೆಯ ಬಗ್ಗೆ ಒಂದು ಮಾತು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಇದು ದೊಡ್ಡ ತೊಂದರೆ. ಊಟದ ಜೊತೆ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಎಂಬುದು ಈಗ ಆಶಾ ಕಾರ್ಯಕರ್ತೆಯರೂ ಹೇಳುವ ಮಾತು. ಬಾಬೂನಾ ಗಿಡಮೂಲಿಕೆಯಾದ್ದರಿಂದ ಇದಕ್ಕೆ ಆ ದೋಷವಿಲ್ಲ ಎಂದು ಹಲವರು ತಿಳಿದಿದ್ದಾರೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೆಡ್ಡಿನ ಊಟದ ಜೊತೆ ಸಾದಾ ಚಹಾ ಕಬ್ಬಿಣದ ಹೀರುವಿಕೆಯನ್ನು ಶೇ 79ರಿಂದ 94ರಷ್ಟು ತಡೆದರೆ, ಕ್ಯಾಮೊಮೈಲ್ ಶೇ 47ರಷ್ಟು ತಡೆಯಿತು. ಕಡಿಮೆ ಹೌದು, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದ್ದರಿಂದ ರೊಟ್ಟಿ-ಪಲ್ಯದ ಊಟಕ್ಕೂ ಕಬ್ಬಿಣದ ಗುಳಿಗೆಗೂ ಒಂದೆರಡು ತಾಸು ಅಂತರವಿಟ್ಟೇ ಕುಡಿಯಬೇಕು.

ಕೂಸುಗಳಿಗೆ ಘುಟ್ಟಿಯ ಜೊತೆ ಬಾಬೂನಾ ನೀರು ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಆರು ತಿಂಗಳೊಳಗಿನ ಮಗುವಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಇದೂ ಬೇಡ. ವರ್ಷದೊಳಗಿನ ಮಗುವಿಗೆ ಜೇನು ಬೆರೆಸಿ ಕೊಡುವುದಂತೂ ಅಪಾಯ. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಮಗುವಿನ ಕರುಳಲ್ಲಿ ಮೊಳೆತು ವಿಷ ಬಿಡುತ್ತವೆ.

ಹೊರಬಳಕೆಯೇ ಇದರ ಹಳೆಯ ಶಕ್ತಿ ಎಂಬುದು ನಮ್ಮ ಅಭಿಪ್ರಾಯ, ಆದರೆ ಈಗಿನ ಬರಹಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಬಾಯಿಹುಣ್ಣು, ವಸಡಿನ ಉರಿಗೆ 5 ಗ್ರಾಂ ಹೂವನ್ನು 150 ಮಿಲಿ ಕುದಿ ನೀರಿನಲ್ಲಿ ಮುಚ್ಚಿ ಹತ್ತು ನಿಮಿಷ ಇಟ್ಟು, ಸೋಸಿ, ಉಗುರುಬೆಚ್ಚಗಾದಾಗ ಬಾಯಿ ಮುಕ್ಕಳಿಸಿ ಉಗುಳಬೇಕು. ಪ್ರತಿ ಸಲ ಹೊಸದಾಗಿ ಮಾಡಿ. ಮುಂಜಾನೆ ಮಾಡಿದ್ದನ್ನು ಸಂಜೆಗೆ ಇಟ್ಟರೆ ನಮ್ಮ ಸೆಕೆಗೆ ಹುಳಿವಾಸನೆ ಬರುತ್ತದೆ. ಗುಟ್ಕಾ, ತಂಬಾಕು ಹಾಕುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಮುಕ್ಕಳಿಸುತ್ತ ಕೂರದೆ ವೈದ್ಯರಿಗೆ ತೋರಿಸಲೇಬೇಕು. ಮೂಲವ್ಯಾಧಿಯ ಉರಿಗೆ ಕೂರುವ ಸ್ನಾನ, ಯುನಾನಿಯಲ್ಲಿ ಆಬ್ಜನ್ ಎನ್ನುವುದು: 10 ಲೀಟರ್ ನೀರಿಗೆ 50 ಗ್ರಾಂ ಹೂವಿನ ಲೆಕ್ಕ. ಹೂವನ್ನು ಮೊದಲು ಒಂದು ಲೀಟರ್ ಕುದಿ ನೀರಲ್ಲಿ ಮುಚ್ಚಿಟ್ಟು, ಸೋಸಿ, ಉಳಿದ ಬೆಚ್ಚನೆಯ ನೀರಿಗೆ ಬೆರೆಸಿ ಅಗಲವಾದ ಟಬ್ಬಿನಲ್ಲಿ ಹದಿನೈದು ನಿಮಿಷ ಕೂರುವುದು. ನೆಗಡಿಗೆ ಹಬೆ, ಅಂದರೆ ಇಂಕಿಬಾಬ್, ದೊಡ್ಡವರಿಗೆ ಮಾತ್ರ. ಸಣ್ಣ ಮಕ್ಕಳಿಗೆ ಕುದಿಯುವ ಪಾತ್ರೆಯ ಹತ್ತಿರ ಹಬೆ ಹಿಡಿಸಲು ಹೋಗಿ ಸುಡುವ ಅಪಾಯವೇ ಜಾಸ್ತಿ. ಕಣ್ಣಿಗೆ ಈ ನೀರು ಹಾಕುವುದನ್ನು ಪೂರ್ತಿ ಬಿಡಿ. ಹೂವಿನ ಪರಾಗ ಕಣ್ಣಿಗೆ ಹೋಗಿ ರೆಪ್ಪೆ ಊದಿಕೊಂಡ ಪ್ರಕರಣಗಳಿವೆ, ಮೇಲಾಗಿ ಮನೆಯಲ್ಲಿ ಸೋಸಿದ ನೀರು ಎಂದೂ ನಿರ್ಜಂತುಕವಾಗಿರುವುದಿಲ್ಲ.

ರೋಗನ್-ಎ-ಬಾಬೂನಾ ಮೊಣಕಾಲು, ಸೊಂಟದ ನೋವಿಗೆ ಹಚ್ಚುವ ಎಣ್ಣೆ. ಮನೆಯಲ್ಲಿ ಮಾಡುವವರು 100 ಗ್ರಾಂ ಹೂವನ್ನು ರಾತ್ರಿ 800 ಮಿಲಿ ನೀರಿನಲ್ಲಿ ನೆನೆಸಿ, ಮುಂಜಾನೆ ಕಾಲು ಭಾಗಕ್ಕೆ ಇಳಿಸಿ, ಹಿಂಡಿ ಸೋಸಿ, 400 ಮಿಲಿ ಎಳ್ಳೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ನೀರಿನಂಶ ಹೋಗುವ ತನಕ ಕಾಯಿಸುತ್ತಾರೆ. ಕೆಡುವುದು ಕೊನೆಯ ಹಂತದಲ್ಲಿ. ನೀರು ಉಳಿದರೆ ಎಣ್ಣೆ ತಿಂಗಳೊಳಗೆ ಕಮಟು ಹಿಡಿಯುತ್ತದೆ, ಉರಿ ಹೆಚ್ಚಾದರೆ ಸುಟ್ಟ ವಾಸನೆ. ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹೊತ್ತಿಸಿ ನೋಡಿ: ಚಟಪಟ ಅಂದರೆ ನೀರಿದೆ, ಸದ್ದಿಲ್ಲದೆ ಉರಿದರೆ ಇಳಿಸಿ. ಇದನ್ನು ಕಿವಿಗೆ ಹಾಕುವ ಹಳೆಯ ಪದ್ಧತಿಯೂ ಇದೆ. ಕಿವಿ ಸೋರುವವರಿಗೆ, ತಮಟೆ ಹರಿದವರಿಗೆ ಹಾಕಲೇಬಾರದು. ಅಂಗಡಿಯಲ್ಲಿ ಹನಿ ಲೆಕ್ಕದಲ್ಲಿ ಸಿಗುವ ಬಟ್ಟಿ ಇಳಿಸಿದ ತೈಲ ಬೇರೆಯೇ ವಸ್ತು. ಜರ್ಮನ್ ಬಾಬೂನಾದ ಅಸಲಿ ತೈಲ ಕಡುನೀಲಿ. ಹೂವಿನಲ್ಲಿ ನೀಲಿ ಇರುವುದಿಲ್ಲ, ಮ್ಯಾಟ್ರಿಸಿನ್ ಎಂಬ ಅಂಶ ಹಬೆಯ ಬಿಸಿಗೆ ಕ್ಯಾಮಜುಲೀನ್ ಆಗಿ ಮಾರ್ಪಟ್ಟು ಆ ಬಣ್ಣ ಬರುತ್ತದೆ. ನೋಡಲು ಚೆಂದ, ಕುಡಿಯಲು ಅಲ್ಲ.

ಬೆಳೆಯಬಹುದೇ ಎಂದು ಕೇಳುವ ರೈತರೂ ಇದ್ದಾರೆ. ಲಖನೌ ಸುತ್ತಲಿನ ಚೌಳು ನೆಲದಲ್ಲಿ ಇದನ್ನು ಬೆಳೆದು ನೋಡಿದ್ದಾರೆ, ಕ್ಷಾರದ ಮಣ್ಣನ್ನು ಸಹಿಸುವ ಗಿಡ. ಆದರೆ ನೀರು ನಿಲ್ಲುವ ಎರೆಭೂಮಿಯನ್ನು ಸಹಿಸುವುದಿಲ್ಲ, ಬಿಸಿಲನ್ನೂ ಅಷ್ಟೇ. ಹಿಂಗಾರಿನ ಬೆಳೆ ಇದು: ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರ್‌ನಲ್ಲಿ ಸಸಿಮಡಿ, ನಾಲ್ಕೈದು ವಾರಕ್ಕೆ ನಾಟಿ, ಜನವರಿಯಿಂದ ಹೂವು. ಫೆಬ್ರುವರಿ ದಾಟಿದರೆ ಕಲಬುರಗಿಯ ಬಿಸಿಲಿಗೆ ಹೂವು ಸಣ್ಣದಾಗಿ ನಿಂತುಬಿಡುತ್ತದೆ. ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಲ್ಲಿ ಬೀದರ್‌ನ ಎತ್ತರದ ಕೆಮ್ಮಣ್ಣಿನ ನೆಲಕ್ಕೆ ಹೆಚ್ಚು ಅವಕಾಶ. ಬೀಜ ಧೂಳಿನಷ್ಟು ಸಣ್ಣದು, ಒಂದು ಗ್ರಾಂನಲ್ಲಿ ಆರೇಳು ಸಾವಿರದಿಂದ ಹತ್ತು ಸಾವಿರ. ಮಣ್ಣು ಮುಚ್ಚಿದರೆ ಮೊಳೆಯುವುದಿಲ್ಲ. ಸಣ್ಣ ಮರಳು ಬೆರೆಸಿ ಮೇಲೆ ಚೆಲ್ಲಿ, ಅಂಗೈಯಿಂದ ಒತ್ತಿ, ನೀರು ಸಿಂಪಡಿಸಬೇಕು. ಐದು ಕಿಲೋ ಹಸಿ ಹೂವಿಗೆ ಒಂದು ಕಿಲೋ ಒಣಹೂ. ಕೊಯ್ಲಿನ ಕೂಲಿಯೇ ಲೆಕ್ಕ ತಪ್ಪಿಸುವುದು, ಕಾರಣ ಹತ್ತು-ಹದಿನೈದು ದಿನಕ್ಕೊಮ್ಮೆ ಕೈಯಿಂದ ಬಿಡಿಸುತ್ತಲೇ ಇರಬೇಕು. ಒಣಗಿಸುವುದು ನೆರಳಲ್ಲಿ, ತೆಳುವಾಗಿ ಹರಡಿ. 40 ಡಿಗ್ರಿ ಮೀರಿದರೆ ಎಣ್ಣೆ ಹಾರುತ್ತದೆ. ಖರೀದಿದಾರ ಗೊತ್ತಾಗದೆ ಎಕರೆಗಟ್ಟಲೆ ಹಾಕಬೇಡಿ. ಮೊದಲು ಒಂದೆರಡು ಗುಂಟೆಯಲ್ಲಿ ಹಾಕಿ ನೋಡಲಿ. ಬೀಜ, ತಳಿಯ ಮಾಹಿತಿಗೆ ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯಾದ ಸೀಮ್ಯಾಪ್‌ನ ಹೈದರಾಬಾದ್ ಕೇಂದ್ರ ನಮಗೆ ಹತ್ತಿರ, ಬೋಡುಪ್ಪಲ್‌ನಲ್ಲಿದೆ.

ಸಂಪಾದಕರಲ್ಲಿ ನಮ್ಮ ಕೋರಿಕೆ ಎರಡು. ಮನೆಮದ್ದಿನ ಬರಹ ಹಾಕುವಾಗ ಗಿಡದ ಸಸ್ಯಶಾಸ್ತ್ರದ ಹೆಸರು, ಗ್ರಾಂ ಲೆಕ್ಕದ ಅಳತೆ, ಯಾರು ಬಳಸಬಾರದು ಎಂಬ ಸಾಲು, ಈ ಮೂರು ಇಲ್ಲದ ಬರಹವನ್ನು ಲೇಖಕರಿಗೇ ಹಿಂದಿರುಗಿಸಿ. ಎರಡನೆಯದು, ಆಹಾರ ಸುರಕ್ಷತೆ ಮತ್ತು ಆಯುಷ್ ಇಲಾಖೆಗಳ ಗಮನಕ್ಕೆ ಇದನ್ನು ತರುವುದು: ಚಿಲ್ಲರೆಯಾಗಿ ತೂಗಿ ಕೊಡುವ ಬಾಬೂನಾದ ಚೀಲದ ಮೇಲೂ ಕೊಯ್ಲಿನ ವರ್ಷ ಮತ್ತು ಪೂರೈಸಿದವರ ಹೆಸರು ಕಡ್ಡಾಯವಾಗಲಿ. ಅಲ್ಲಿಯವರೆಗೆ ಕೊಳ್ಳುವವರು ಅಂಗಡಿಯಲ್ಲೇ ಒಂದು ಹೂವು ಕೇಳಿ ಪಡೆದು, ಸೀಳಿ, ಮೂಸಿ ನೋಡಿ ತರಲಿ. ಬೇಡ ಎನ್ನುವ ಅಂಗಡಿಯವರು ಇದ್ದರೆ ಪಕ್ಕದ ಅಂಗಡಿ ಇದ್ದೇ ಇದೆ.

ಇಂತಿ,
ಗಿಡಮೂಲಿಕೆ ವ್ಯವಹಾರದಲ್ಲಿರುವ ಕೆಲವು ಓದುಗರು
ಕಲಬುರಗಿ